ಅಂಕಪಟ್ಟಿ ತಡವಾದಾಗ ತಪ್ಪು ಯಾರದ್ದು? ವಿಶ್ವವಿದ್ಯಾಲಯದ ಕಚೇರಿಗಳಲ್ಲಿ ತರಬೇತಿ ಎಲ್ಲಿ ಎಡವುತ್ತಿದೆ

ಪದವಿ ಫಲಿತಾಂಶ ತಡವಾಯಿತು, ಪರೀಕ್ಷೆ ಬರೆದವರಿಗೂ ‘ಗೈರುಹಾಜರು’ ಎಂದು ಬಂತು, ಅಂಕಪಟ್ಟಿ ಕೊಡಿ ಎಂದು ವಿದ್ಯಾರ್ಥಿಗಳು ಧರಣಿ ಕೂತರು. ರಾಜ್ಯದ ಯಾವುದಾದರೊಂದು ವಿಶ್ವವಿದ್ಯಾಲಯದಿಂದ ಇಂಥ ಸುದ್ದಿ ಪದೇ ಪದೇ ಬರುತ್ತಿರುತ್ತದೆ. ಸುದ್ದಿಯ ಕೊನೆಯಲ್ಲಿ ಎರಡು ಹೇಳಿಕೆಗಳು ಸಾಮಾನ್ಯ. ‘ಯುಯುಸಿಎಂಎಸ್ (ರಾಜ್ಯದ ವಿವಿ, ಕಾಲೇಜುಗಳ ಏಕೀಕೃತ ಪೋರ್ಟಲ್) ತಂತ್ರಾಂಶದ ಸಮಸ್ಯೆ’ ಎನ್ನುವುದು ವಿವಿಯ ಉತ್ತರ. ‘ಸಿಬ್ಬಂದಿಗೆ ತರಬೇತಿ ಕೊಡಲಾಗುವುದು’ ಎನ್ನುವುದು ಮೇಲಿನವರ ಭರವಸೆ. ತಂತ್ರಾಂಶ ಬಂದು ವರ್ಷಗಳಾದವು, ತರಬೇತಿಯೂ ಆಗಾಗ ನಡೆದಿದೆ. ಹಾಗಿದ್ದರೆ ಅದೇ ತಪ್ಪು ಮತ್ತೆ ಮತ್ತೆ ಯಾಕೆ ಆಗುತ್ತಿದೆ ಎಂಬುದು ಓದುವವರಿಗೆ ಅರ್ಥವಾಗದ ಸಂಗತಿ.

ಇದಕ್ಕೆ ಉತ್ತರ ಬೇಕಾದರೆ ಪರೀಕ್ಷಾಂಗ ವಿಭಾಗದ ವಿಷಯ ನಿರ್ವಾಹಕರ (ಕಡತ ನೋಡಿಕೊಳ್ಳುವ ಸಿಬ್ಬಂದಿಯ) ಮೇಜಿನ ಮೇಲೆ ಏನೇನು ಬರುತ್ತದೆ ಎಂದು ನೋಡಬೇಕು. ತರಬೇತಿಯಲ್ಲಿ ಹೇಳಿಕೊಡುತ್ತಿರುವುದು ಯಾವ ಗುಂಡಿ ಒತ್ತಬೇಕು ಎಂಬುದನ್ನು. ಎಡವಟ್ಟು ಆಗುತ್ತಿರುವುದು ಯಾವ ವಿದ್ಯಾರ್ಥಿಗೆ ಯಾವ ನಿಯಮ ಅನ್ವಯವಾಗುತ್ತದೆ ಎಂಬಲ್ಲಿ. ಸಾಲದ್ದಕ್ಕೆ, ತರಬೇತಿಗೆ ಹೋಗಿ ಬರುವವರು ಒಬ್ಬರು, ಕೂತು ಕೆಲಸ ಮಾಡುವವರು ಇನ್ನೊಬ್ಬರು.

ಒಂದೇ ಮೇಜಿಗೆ ಮೂರು ಪದ್ಧತಿ

ರಾಜ್ಯದಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಪದವಿ ಪಠ್ಯಕ್ರಮ 2021-22ರಲ್ಲಿ ಶುರುವಾಯಿತು. ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆ, ಅಂದರೆ ಯುಯುಸಿಎಂಎಸ್, ಬಂದದ್ದೂ ಅದೇ ಹೊತ್ತಿಗೆ. ಪಠ್ಯಕ್ರಮವೂ ಹೊಸದು, ತಂತ್ರಾಂಶವೂ ಹೊಸದು; ಎರಡನ್ನೂ ಒಟ್ಟಿಗೇ ಕಲಿಯಬೇಕಾಯಿತು. ಕಲಿತು ಕೈಗೆ ಹತ್ತುವಷ್ಟರಲ್ಲಿ, 2024ರ ಮೇ ತಿಂಗಳಲ್ಲಿ, ಸರ್ಕಾರ ನಾಲ್ಕು ವರ್ಷದ ಆನರ್ಸ್ ಮಾದರಿಯನ್ನು ಕೈಬಿಟ್ಟು 2024-25ರಿಂದ ಮೂರು ವರ್ಷದ ಪದವಿಗೆ ಮರಳಿತು. ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಆಧರಿಸಿ ಬಂದ ಇದನ್ನು ಕಚೇರಿಗಳಲ್ಲಿ ‘ಎಸ್‌ಇಪಿ ಸ್ಕೀಮ್’ ಎನ್ನುತ್ತಾರೆ.

ಹಳೆಯ ಪದ್ಧತಿ ಆದೇಶ ಬಂದ ದಿನವೇ ಮಾಯವಾಗುವುದಿಲ್ಲ. ಅನುತ್ತೀರ್ಣರಾದ ವಿದ್ಯಾರ್ಥಿಗೆ ಸಾಮಾನ್ಯವಾಗಿ ಕೋರ್ಸಿನ ಅವಧಿಯ ದುಪ್ಪಟ್ಟು ಕಾಲ ಅವಕಾಶವಿರುತ್ತದೆ. ಆ ಲೆಕ್ಕದಲ್ಲಿ 2020-21ರಲ್ಲಿ ಎನ್‌ಇಪಿಗೂ ಹಿಂದಿನ ಸಿಬಿಸಿಎಸ್ (ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ) ಅಡಿ ಸೇರಿದವರು 2026ರವರೆಗೆ, 2023-24ರಲ್ಲಿ ಎನ್‌ಇಪಿ ಅಡಿ ಸೇರಿದವರು 2029ರವರೆಗೆ ಬಾಕಿ ಪತ್ರಿಕೆ ಬರೆಯಬಹುದು. ಮೂರು ಪದ್ಧತಿಗಳ ಕಡತಗಳೂ ಒಂದೇ ಸೆಮಿಸ್ಟರಿನಲ್ಲಿ ಒಬ್ಬರದೇ ಮೇಜಿಗೆ ಬರುತ್ತವೆ.

ಎನ್‌ಇಪಿಯಲ್ಲಿ ನೂರಕ್ಕೆ 40 ಆಂತರಿಕ ಅಂಕ, 60 ಪರೀಕ್ಷೆಯದು. ಎಸ್‌ಇಪಿಯಲ್ಲಿ ಆಂತರಿಕ 20, ಪರೀಕ್ಷೆ 80. ಕಾಲೇಜಿನ ಗುಮಾಸ್ತರು ಎಸ್‌ಇಪಿ ವಿದ್ಯಾರ್ಥಿಗೆ ಮರೆತು 36 ಅಂಕ ನಮೂದಿಸಿದರೆ ಗರಿಷ್ಠ 20 ಎಂದು ವ್ಯವಸ್ಥೆ ತಿರಸ್ಕರಿಸುತ್ತದೆ. ಈ ತಪ್ಪಿನಿಂದ ಯಾರಿಗೂ ನಷ್ಟವಿಲ್ಲ. ಉಲ್ಟಾ ಆದಾಗ ನೋಡಿ: ಎನ್‌ಇಪಿಯ ಬಾಕಿ ವಿದ್ಯಾರ್ಥಿಗೆ 40ಕ್ಕೆ ಕೊಡಬೇಕಾದ ಅಂಕವನ್ನು 20ಕ್ಕೆ ಲೆಕ್ಕ ಹಾಕಿ 18 ಎಂದು ಹಾಕಿದರೆ ವ್ಯವಸ್ಥೆ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ. ಇಪ್ಪತ್ತಕ್ಕೆ 18 ತೆಗೆದ ಹುಡುಗ ನಲವತ್ತಕ್ಕೆ 18 ತೆಗೆದವನಾಗುತ್ತಾನೆ. ಅದು ಗೊತ್ತಾಗುವುದು ಅಂಕಪಟ್ಟಿ ಕೈಗೆ ಬಂದ ಮೇಲೆ. ತಿದ್ದಬೇಕಾದರೆ ಪ್ರಾಂಶುಪಾಲರ ಪತ್ರ, ಮೂಲ ಅಂಕಗಳ ವಹಿ, ಕುಲಸಚಿವರ (ಮೌಲ್ಯಮಾಪನ) ಅನುಮೋದನೆ ಎಲ್ಲವೂ ಬೇಕು.

ತಂತ್ರಾಂಶ ತಡೆಯುವ ತಪ್ಪಿಗೆ ತರಬೇತಿಯ ಅಗತ್ಯ ಅಷ್ಟಾಗಿಲ್ಲ. ಒಪ್ಪಿಕೊಳ್ಳುವ ತಪ್ಪಿಗೇ ಬೇಕಿರುವುದು. ತರಬೇತಿ ಕೈಪಿಡಿಗಳಲ್ಲಿ ಇಂಥ ತಪ್ಪುಗಳ ಪಟ್ಟಿ ಹುಡುಕಿದರೂ ಸಿಗುವುದು ಕಷ್ಟ.

ಐಚ್ಛಿಕ ವಿಷಯದ ಕಥೆಯೂ ಇಂಥದ್ದೇ. ಎನ್‌ಇಪಿಯಲ್ಲಿ ಮುಕ್ತ ಐಚ್ಛಿಕ ವಿಷಯಗಳು ದಂಡಿಯಾಗಿದ್ದವು. ನೋಂದಣಿಯಲ್ಲಿ ಒಂದು ವಿಷಯ ಇರುತ್ತದೆ, ತರಗತಿಯಲ್ಲಿ ವಿದ್ಯಾರ್ಥಿ ಕೂತದ್ದು ಇನ್ನೊಂದಕ್ಕೆ, ಪರೀಕ್ಷೆ ಬರೆದದ್ದೂ ಅದಕ್ಕೇ. ಉತ್ತರಪತ್ರಿಕೆಯ ಕೋಡ್ ನೋಂದಣಿಯ ಜತೆ ಹೊಂದದೆ ಬರೆದವನು ಗೈರುಹಾಜರಾಗುತ್ತಾನೆ. ಪ್ರವೇಶಪತ್ರ ಕೊಡುವ ಮುನ್ನ ಕಾಲೇಜಿನಲ್ಲಿ ವಿಷಯವಾರು ಪಟ್ಟಿ ಮುದ್ರಿಸಿ, ಆಯಾ ವಿಷಯದ ಅಧ್ಯಾಪಕರ ಹಾಜರಿ ಪುಸ್ತಕದ ಜತೆ ಹೋಲಿಸಿ, ವಿದ್ಯಾರ್ಥಿಯ ಸಹಿ ಹಾಕಿಸಿಕೊಂಡರೆ ಇದು ಅಲ್ಲಿಗೇ ನಿಲ್ಲುತ್ತದೆ. ಅರ್ಧ ದಿನದ ಈ ಕೆಲಸ ತಪ್ಪಿದರೆ ತಿಂಗಳುಗಟ್ಟಲೆ ಪತ್ರವ್ಯವಹಾರ.

ಎಕ್ಸೆಲ್ ಹಾಳೆಯಲ್ಲಿನ ಕುಳಿಗಳು

ಪೋರ್ಟಲ್ ಎಷ್ಟೇ ಇರಲಿ, ಕಚೇರಿಯ ನಿಜವಾದ ಕೆಲಸ ಅರ್ಧಕ್ಕರ್ಧ ಎಕ್ಸೆಲ್‌ನಲ್ಲೇ ನಡೆಯುತ್ತದೆ. ‘ಎಕ್ಸೆಲ್ ಬರುತ್ತದೆ’ ಎನ್ನುವವರಿಗೂ ಬಾರದ ನಾಲ್ಕಾರು ಸಂಗತಿಗಳೇ ಹೆಚ್ಚಿನ ಅನಾಹುತಕ್ಕೆ ಕಾರಣ.

ಮೊದಲನೆಯದು ಉದ್ದದ ಸಂಖ್ಯೆಗಳದ್ದು. ವಿದ್ಯಾರ್ಥಿಗಳ ಗುರುತಿನ ಅಪಾರ್ ಸಂಖ್ಯೆಗೂ ಆಧಾರ್ ಸಂಖ್ಯೆಗೂ 12 ಅಂಕಿ. ಸಾಮಾನ್ಯ ಕೋಶದಲ್ಲಿ 11 ಅಂಕಿಯವರೆಗೆ ಸಂಖ್ಯೆ ಇದ್ದಂತೆ ಕಾಣುತ್ತದೆ; 12 ಆದೊಡನೆ ಎಕ್ಸೆಲ್ ಅದನ್ನು 1.23457ಇ+11 ಎಂಬ ರೂಪಕ್ಕೆ ತಿರುಗಿಸಿ ತೋರಿಸುತ್ತದೆ. ಆಗ ಕಡತವನ್ನು ಸಿಎಸ್‌ವಿ (ಬರೀ ಪಠ್ಯದ ಕಡತ) ಆಗಿ ಉಳಿಸಿದರೆ ಕಣ್ಣಿಗೆ ಕಂಡದ್ದೇ ಉಳಿಯುತ್ತದೆ, ಒಳಗಿನ ಅಂಕಿಗಳು ಹೋಗಿಬಿಡುತ್ತವೆ. ಮತ್ತೆ ತೆರೆದರೆ ಎಷ್ಟೋ ವಿದ್ಯಾರ್ಥಿಗಳಿಗೆ ಒಂದೇ ಸಂಖ್ಯೆ! ಅಂಕಿ ತುಂಬುವ ಮೊದಲೇ ಆ ಕಂಬಸಾಲನ್ನು ‘ಟೆಕ್ಸ್ಟ್’ ಎಂದು ಬದಲಿಸಿಟ್ಟುಕೊಳ್ಳುವುದೇ ಇದಕ್ಕೆ ಮದ್ದು. ತುಂಬಿದ ಮೇಲೆ ಬದಲಿಸಿ ಪ್ರಯೋಜನವಿಲ್ಲ.

ಎರಡನೆಯದು ದಿನಾಂಕ. 05-06-2003 ಅಂದರೆ ನಮಗೆ ಜೂನ್ 5. ಗಣಕದ ಸೆಟ್ಟಿಂಗ್ ಅಮೆರಿಕದ ಪದ್ಧತಿಯಲ್ಲಿದ್ದರೆ ಅದು ಮೇ 6. 12ಕ್ಕಿಂತ ಮೇಲಿನ ತಾರೀಕುಗಳು ತಿಂಗಳಾಗಲಾರದ್ದರಿಂದ ಬರೀ ಪಠ್ಯವಾಗಿ ಎಡಕ್ಕೆ ಸರಿದು ನಿಲ್ಲುತ್ತವೆ. ಒಂದೇ ಕಂಬಸಾಲಿನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಒಂದು ಪಟ್ಟಿಯಿಂದ ಅಂಕ ಹುಡುಕಿ ತರುವ ವಿ-ಲುಕಪ್ ಸೂತ್ರದ ಕೊನೆಯಲ್ಲಿ ‘ಫಾಲ್ಸ್’ ಅಥವಾ ಸೊನ್ನೆ ಹಾಕದೆ ಬಿಟ್ಟರೆ ಅದು ‘ಹತ್ತಿರದ್ದು ಸಾಕು’ ಎಂದು ಇನ್ನಾರದ್ದೋ ಅಂಕ ತಂದು ಕೂರಿಸುತ್ತದೆ. ದೋಷದ ಸೂಚನೆ ಏನೂ ಬರುವುದಿಲ್ಲ. ಇಡೀ ಹಾಳೆ ಆಯ್ಕೆ ಮಾಡದೆ ಹೆಸರಿನ ಕಂಬಸಾಲನ್ನಷ್ಟೇ ಅಕ್ಷರಾನುಕ್ರಮ ಮಾಡಿದರೆ ಹೆಸರು ಜರುಗಿ ಅಂಕ ಅಲ್ಲೇ ಉಳಿಯುತ್ತದೆ. ಇವೆರಡನ್ನೂ ಹಿಡಿಯಲು ಉಪಾಯ ಒಂದೇ: ಅಪ್‌ಲೋಡ್‌ಗೆ ಮುನ್ನ ಒಟ್ಟು ಸಾಲುಗಳು, ಅಂಕಗಳ ಒಟ್ಟು ಮೊತ್ತ, ಯಾವುದೋ ಹತ್ತು ಕ್ರಮಸಂಖ್ಯೆಗಳು, ಇಷ್ಟನ್ನು ಮೂಲ ಹಾಳೆಯ ಜತೆ ಹೋಲಿಸಿ, ಹೋಲಿಸಿದವರ ಸಹಿ ಹಾಕುವುದು.

ಇನ್ನು ನಮ್ಮದೇ ಆದ ತೊಡಕೊಂದಿದೆ: ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶ. ಟಿಪ್ಪಣಿ, ಪತ್ರಗಳನ್ನು ವರ್ಷಗಟ್ಟಲೆ ನುಡಿಯ ಹಳೆಯ, ಯೂನಿಕೋಡ್‌ಗೂ ಹಿಂದಿನ ಆಸ್ಕಿ ಅಕ್ಷರಶೈಲಿಯಲ್ಲೇ ಟೈಪಿಸಿ ಕೈ ಕೂತಿದೆ. ಆ ಹೆಸರುಪಟ್ಟಿಯನ್ನು ಹಾಗೇ ನಕಲು ಮಾಡಿ ಪೋರ್ಟಲ್‌ಗೆ ಅಂಟಿಸಿದರೆ ಕನ್ನಡದ ಜಾಗದಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಯೂನಿಕೋಡ್‌ಗೆ ಪರಿವರ್ತಿಸುವ ಉಪಕರಣಗಳಿವೆ. ಆದರೆ ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಾರೆ ನೋಡಲೇಬೇಕು. ಕೀಲಿಮಣೆ ವಿನ್ಯಾಸ ಎರಡಕ್ಕೂ ಒಂದೇ ಆಗಿರುವುದರಿಂದ ಯೂನಿಕೋಡ್‌ಗೆ ಬದಲಾಗಲು ಹೊಸದಾಗಿ ಟೈಪಿಂಗ್ ಕಲಿಯಬೇಕಿಲ್ಲ. ಇದನ್ನು ಹೇಳಿಕೊಡಲು ಹತ್ತು ನಿಮಿಷ ಸಾಕು, ಹೇಳುವವರಿಲ್ಲ ಅಷ್ಟೆ.

ಇನಿಷಿಯಲ್ ತಲೆನೋವು

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ’. ಆಧಾರ್‌ನಲ್ಲಿ ‘ಮಂಜುನಾಥ್ ಕಲ್ಲಪ್ಪ’. ಕಾಲೇಜಿನ ದಾಖಲಾತಿಯಲ್ಲಿ ‘ಕೆ. ಮಂಜುನಾಥ’. ಮನುಷ್ಯನ ಕಣ್ಣಿಗೆ ಮೂವರೂ ಒಬ್ಬರೇ, ಗಣಕಕ್ಕೆ ಮೂವರು. ಯುಜಿಸಿ 2021ರಲ್ಲಿ ಜಾರಿಗೆ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ಗೆ (ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳ ಆನ್‌ಲೈನ್ ಖಾತೆ) ಕ್ರೆಡಿಟ್ ಸೇರಿಸುವಾಗ, ಡಿಜಿಲಾಕರ್‌ಗೆ ಅಂಕಪಟ್ಟಿ ಹಾಕುವಾಗ ಹೆಸರು, ಹುಟ್ಟಿದ ದಿನಾಂಕ ತಾಳೆಯಾಗದೆ ದಾಖಲೆ ವಾಪಸ್ ಬರುತ್ತದೆ. ಇನಿಷಿಯಲ್ ಬಳಸುವ ನಮ್ಮ ಕಡೆ ಈ ತೊಂದರೆ ಹೆಚ್ಚು.

ಇದಕ್ಕೆ ತಂತ್ರಜ್ಞಾನದ ಪರಿಹಾರವಿಲ್ಲ, ಕಚೇರಿಯ ಶಿಸ್ತಿನ ಪರಿಹಾರವಿದೆ. ಪ್ರವೇಶದ ದಿನವೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆ ಹೆಸರು ದಾಖಲಿಸುವುದು, ಆಧಾರ್ ಬೇರೆಯಿದ್ದರೆ ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ತಿದ್ದಿಸಿಕೊಂಡು ಬರಲು ಲಿಖಿತವಾಗಿ ಹೇಳುವುದು. ಆರನೇ ಸೆಮಿಸ್ಟರಿನಲ್ಲಿ ಕೆಲಸದ ಆದೇಶ ಕೈಯಲ್ಲಿ ಹಿಡಿದು ಬಂದ ವಿದ್ಯಾರ್ಥಿಗೆ ‘ಆಧಾರ್ ತಿದ್ದಿಸಿಕೊಂಡು ಬಾ’ ಎಂದರೆ ಅವನು ಬೈಯುವುದು ಕಿಟಕಿಯಾಚೆ ಕೂತವರನ್ನೇ.

ಈಗ ಸಿಗುತ್ತಿರುವ ತರಬೇತಿ ಎಂಥದ್ದು

ಬೋಧಕರಿಗೆ ತರಬೇತಿಯ ದಾರಿ ಸ್ಪಷ್ಟವಿದೆ. 1986ರ ಶಿಕ್ಷಣ ನೀತಿಯ ಬೆನ್ನಿಗೆ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಬಂದವು. ಅವೇ ಮುಂದೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾಗಿ, ಈಗ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರಗಳೆಂದು ಹೆಸರು ಪಡೆದಿವೆ. ಯುಜಿಸಿಯ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರು ಮುಂದಿನ ಹಂತಕ್ಕೆ ಏರಲು ಪುನಶ್ಚೇತನ ಶಿಬಿರ ಮುಗಿಸಬೇಕು. ಕಲಿಕೆ ಬಡ್ತಿಗೆ ಗಂಟುಬಿದ್ದಿದೆ, ಹಾಗಾಗಿ ಎಲ್ಲರೂ ಹೋಗುತ್ತಾರೆ.

ಬೋಧಕೇತರರಿಗೆ ಇಂಥ ಗಂಟು ಇಲ್ಲ. ದ್ವಿತೀಯ ದರ್ಜೆ ಸಹಾಯಕರಾಗಿ ಸೇರಿದವರು ಪ್ರಥಮ ದರ್ಜೆ, ಅಧೀಕ್ಷಕ, ಸಹಾಯಕ ಕುಲಸಚಿವ, ಉಪಕುಲಸಚಿವ ಎಂದು ಮೇಲೇರುವಾಗ ಮುಖ್ಯವಾಗಿ ನೋಡುವುದು ಜ್ಯೇಷ್ಠತೆಯನ್ನು. ಇಲಾಖಾ ಪರೀಕ್ಷೆಗಳಲ್ಲಿ ಲೆಕ್ಕಪತ್ರ, ಸೇವಾ ನಿಯಮಗಳು ಇವೆ. ಸರ್ಕಾರಿ ನೌಕರರಿಗೆ 2012ರ ನಿಯಮಗಳಡಿ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯೂ ಬಂದಿದೆ. ಇವು ಯಾವುದೇ ಇಲಾಖೆಗೂ ಹೊಂದುವಂಥವು. ಕಾಲೇಜುಗಳ ಸಂಯೋಜನೆಯ (ಅಫಿಲಿಯೇಷನ್) ಕಡತ ಹೇಗೆ ಮಂಡಿಸಬೇಕು, ವಿವಿಯ ಆಡಳಿತ ಮಂಡಳಿಯಾದ ಸಿಂಡಿಕೇಟ್ ಸಭೆಯ ಕಾರ್ಯಸೂಚಿಗೆ ಟಿಪ್ಪಣಿ ಹೇಗೆ ಬರೆಯಬೇಕು, ಒಂದು ಪದ್ಧತಿಯ ವಿದ್ಯಾರ್ಥಿ ಇನ್ನೊಂದಕ್ಕೆ ಬಂದರೆ ಸಮಾನ ವಿಷಯ ಗುರುತಿಸುವುದು ಹೇಗೆ ಎಂಬ ವಿವಿಯ ಖಾಸಾ ವಿದ್ಯೆ ಅವುಗಳಲ್ಲಿ ಇಲ್ಲ.

ಹಾಗಂತ ಕಾರ್ಯಾಗಾರಗಳು ನಡೆಯುವುದೇ ಇಲ್ಲ ಎನ್ನುವಂತಿಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಾಂಕನದ ಆರನೇ ಮಾನದಂಡದಲ್ಲಿ ಬೋಧಕ ಹಾಗೂ ಬೋಧಕೇತರ ಸಿಬ್ಬಂದಿಗೆ ನಡೆಸಿದ ಆಡಳಿತ ತರಬೇತಿಗಳ ಸಂಖ್ಯೆ ಕೇಳುತ್ತಾರೆ. ಸಂಖ್ಯೆ ಕೇಳಿದರೆ ಸಂಖ್ಯೆ ಸಿಗುತ್ತದೆ. ಬ್ಯಾನರ್, ಉದ್ಘಾಟನೆ, ಒತ್ತಡ ನಿರ್ವಹಣೆ ಕುರಿತು ಒಂದು ಉಪನ್ಯಾಸ, ಊಟ, ಪ್ರಮಾಣಪತ್ರ, ಗ್ರೂಪ್ ಫೋಟೋ. ಐದು ವರ್ಷದ ಕಡತಕ್ಕೆ ದಾಖಲೆ ಸೇರಿತು, ಮರುದಿನ ಮೇಜಿನ ಮೇಲಿನ ಕೆಲಸ ಒಂದಿಷ್ಟೂ ಬದಲಾಗಲಿಲ್ಲ.

ಮೂರು ವಾದಗಳು

ಕೆಲವು ವಿವಿಗಳ ಅಧಿಕಾರಿಗಳ ವಾದ ತಂತ್ರಾಂಶದ ವಿರುದ್ಧ. ಹಿಂದೆ ತಮ್ಮದೇ ವ್ಯವಸ್ಥೆ ಇತ್ತು, ತಪ್ಪು ಕಂಡರೆ ಅದೇ ದಿನ ತಿದ್ದಿಸುತ್ತಿದ್ದೆವು, ಈಗ ಬೆಂಗಳೂರಿನಿಂದ ಉತ್ತರ ಬರುವತನಕ ಕಾಯಬೇಕು ಎನ್ನುತ್ತಾರೆ. ಇದರಲ್ಲಿ ಸತ್ಯವಿದೆ. ಆದರೆ ‘ಅದೇ ದಿನ ತಿದ್ದುವುದು’ ಎಂಬ ಸೌಲಭ್ಯವೇ ಅಂಕ ತಿದ್ದುಪಡಿಯ ಅಕ್ರಮಗಳಿಗೂ ಬಾಗಿಲಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ನೌಕರರ ಸಂಘಟನೆಗಳು ಮೊದಲು ಖಾಲಿ ಹುದ್ದೆ ತುಂಬಿ ಎನ್ನುತ್ತವೆ. ಇದು ಗಟ್ಟಿಯಾದ ವಾದ. ನಿವೃತ್ತರಾದವರ ಜಾಗಕ್ಕೆ ನೇಮಕಾತಿ ಇಲ್ಲ, ಒಬ್ಬರಿಗೆ ಎರಡು ಮೂರು ಶಾಖೆಗಳ ಪ್ರಭಾರ. ಪಿಂಚಣಿ ಹೊರೆಯಿಂದ ಬಸವಳಿದ ಹಳೆಯ ವಿವಿಗಳಲ್ಲಿ ತರಬೇತಿಗೆಂದು ಹಣ ಎತ್ತಿಡುವ ಸ್ಥಿತಿಯೇ ಇಲ್ಲ. ಬೀದರ್, ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರಗಳಲ್ಲಿ ಹುಟ್ಟಿದ ಹೊಸ ವಿವಿಗಳ ಪಾಡು ಇನ್ನೂ ಕಷ್ಟ. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ಒಂಬತ್ತು ವಿವಿಗಳನ್ನು ಮುಚ್ಚಲು ಶಿಫಾರಸು ಮಾಡಿದ ಮೇಲಂತೂ, ನಾಳೆ ಇರುತ್ತದೋ ಇಲ್ಲವೋ ಎಂಬ ಕಚೇರಿಯಲ್ಲಿ ಕೂತು ಹೊಸದನ್ನು ಕಲಿಯುವ ಉಮೇದು ಯಾರಿಗಿರುತ್ತದೆ? ವಿಲೀನವಾದರೆ ಆ ವಿದ್ಯಾರ್ಥಿಗಳ ದಾಖಲೆಗಳೆಲ್ಲ ಮಾತೃ ವಿವಿಯ ಮೇಜಿಗೆ ಬರುತ್ತವೆ, ಅಲ್ಲಿ ಕೆಲಸ ಇನ್ನಷ್ಟು ಏರುತ್ತದೆ.

ಸರ್ಕಾರದ ಕಡೆಯ ಧೋರಣೆ, ಕೆಲಸವೆಲ್ಲ ಆನ್‌ಲೈನ್ ಆದ ಮೇಲೆ ಅಷ್ಟು ಜನ ಏಕೆ, ಹೊರಗುತ್ತಿಗೆಯಲ್ಲಿ ಡೇಟಾ ಎಂಟ್ರಿ ಆಪರೇಟರ್ ಸಾಕು ಎಂಬುದು. ಇದು ಕಾಗದದ ಮೇಲೆ ಅಗ್ಗ. ಏಜೆನ್ಸಿಯ ಗುತ್ತಿಗೆ ಮುಗಿದು ಇನ್ನೊಂದು ಏಜೆನ್ಸಿ ಬಂದಾಗ ಎರಡು ವರ್ಷ ಕೆಲಸ ಕಲಿತ ಹುಡುಗಿ ಹೊರಹೋಗುತ್ತಾಳೆ, ಅವಳೊಂದಿಗೆ ಆ ಶಾಖೆಯ ಅರ್ಧ ನೆನಪೂ ಹೋಗುತ್ತದೆ.

ಲಾಗಿನ್ ಒಬ್ಬರದು, ಕೈ ಇನ್ನೊಬ್ಬರದು

ಪೋರ್ಟಲ್‌ನಲ್ಲಿ ಅನುಮೋದಿಸುವ ಅಧಿಕಾರ ಇರುವುದು ಕಾಯಂ ಅಧಿಕಾರಿಗೆ. ಆದ್ದರಿಂದ ತರಬೇತಿಗೂ ಅವರೇ ಹೋಗುತ್ತಾರೆ. ವಾಪಸ್ ಬಂದು ಪಾಸ್‌ವರ್ಡ್ ಅನ್ನು ಆಪರೇಟರಿಗೆ ಹೇಳುತ್ತಾರೆ. ಒಟಿಪಿ ಬಂದಾಗ ಆ ಕೋಣೆಯಿಂದ ಈ ಕೋಣೆಗೆ ಕೂಗುತ್ತಾರೆ. ಡಿಜಿಟಲ್ ಸಹಿಯ ಡಾಂಗಲ್ ಆಪರೇಟರ್ ಮೇಜಿನ ಡ್ರಾಯರಿನಲ್ಲೇ ಇರುತ್ತದೆ. ಯಾರಿಗೂ ದುರುದ್ದೇಶವಿಲ್ಲ, ಕೆಲಸ ಸಾಗಬೇಕಲ್ಲ ಎಂಬುದಷ್ಟೇ.

ಮುಂದೆ ಅಂಕ ತಿದ್ದಿದ ದೂರು ಬಂದರೆ ಗಣಕದ ದಾಖಲೆ ತೋರಿಸುವುದು ಅಧಿಕಾರಿಯ ಹೆಸರನ್ನು. ಇಲಾಖಾ ವಿಚಾರಣೆಯಲ್ಲಿ ‘ನಾನು ಒತ್ತಲಿಲ್ಲ’ ಎಂಬ ಮಾತು ನಿಲ್ಲುವುದಿಲ್ಲ. ಆಪರೇಟರಿಗೆ ನಮೂದಿಸುವ ಹಕ್ಕಿರುವ ಪ್ರತ್ಯೇಕ ಲಾಗಿನ್, ಅಧೀಕ್ಷಕರಿಗೆ ಪರಿಶೀಲನೆಯದು, ಅಧಿಕಾರಿಗೆ ಅನುಮೋದನೆಯದು ಎಂದು ಮೂರು ಹಂತ ಮಾಡಿ, ಮೂವರನ್ನೂ ಒಟ್ಟಿಗೇ ಕೂರಿಸಿ ಕಲಿಸಿದರೆ ಮಾತ್ರ ಇದು ಸರಿಹೋಗುತ್ತದೆ.

ಖಾಸಗಿ ಮಾಹಿತಿಯ ವಿಷಯವೂ ಇಲ್ಲೇ ಬರುತ್ತದೆ. ಆಧಾರ್, ಜಾತಿ, ಬ್ಯಾಂಕ್ ಖಾತೆ ಇರುವ ಪಟ್ಟಿಗಳು ಕಾಲೇಜುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರಿನಲ್ಲಿ ನಿಯಮಗಳು ಬಂದಿವೆ, ಹಂತಹಂತವಾಗಿ ಜಾರಿಯಾಗಲಿವೆ. ಈ ರೂಢಿ ಬಿಡಿಸಲು ಹೆಚ್ಚು ಕಾಲವಿಲ್ಲ. ಮಾಹಿತಿ ಹಕ್ಕಿನಲ್ಲೂ ಇಂಥದೇ ಕೊರತೆ: ತನ್ನ ಮೌಲ್ಯಮಾಪನಗೊಂಡ ಉತ್ತರಪತ್ರಿಕೆ ನೋಡುವ ಹಕ್ಕು ಪರೀಕ್ಷಾರ್ಥಿಗಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದ್ದರೂ ‘ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿ’ ಎಂಬ ಹಿಂಬರಹ ಕೊಟ್ಟು 30 ದಿನದ ಗಡುವು ಕಳೆದುಕೊಂಡರೆ, ಮೇಲ್ಮನವಿಗೆ ಓಡಾಡಬೇಕಾಗುವುದು ಅದೇ ಸಿಬ್ಬಂದಿ.

ಶಾಖೆಗೆ ತಕ್ಕ ತರಬೇತಿ ಹೇಗಿರಬಹುದು

ಪರೀಕ್ಷಾಂಗ ವಿಭಾಗವನ್ನೇ ತೆಗೆದುಕೊಳ್ಳೋಣ. ಮೂರು ಗಂಟೆಯ ನಾಲ್ಕು ಕೂಟ ಸಾಕು, ಅದೂ ಪರೀಕ್ಷಾ ಅಧಿಸೂಚನೆಗೆ ಒಂದು ತಿಂಗಳು ಮುಂಚೆ. ಫಲಿತಾಂಶದ ಗಡಿಬಿಡಿಯಲ್ಲಿ ಕರೆದರೆ ಯಾರೂ ಬರುವುದಿಲ್ಲ, ಬಂದವರ ಮನಸ್ಸು ಕಡತದ ಮೇಲಿರುತ್ತದೆ. ಅರವತ್ತು ಕಲ್ಪಿತ ವಿದ್ಯಾರ್ಥಿಗಳ ಹಾಳೆಯೊಂದನ್ನು ಸಿದ್ಧಪಡಿಸಬೇಕು: ಮೂರೂ ಪದ್ಧತಿಯವರು, ಬಾಕಿ ಪತ್ರಿಕೆಯವರು, ಬೇರೆ ವಿವಿಯಿಂದ ಬಂದವರು, ಹೆಸರು ಹೊಂದದವರು ಅದರಲ್ಲಿರಬೇಕು. ಬೇಕೆಂದೇ ಹದಿನೈದು ತಪ್ಪು ಸೇರಿಸಿಡಬೇಕು. ಮೊದಲ ಕೂಟದಲ್ಲಿ ನಿಯಮಾವಳಿಯನ್ನು ಪಕ್ಕಕ್ಕಿಟ್ಟುಕೊಂಡು ಯಾರಿಗೆ ಯಾವ ನಿಯಮ ಎಂದು ಗುರುತಿಸುವುದು. ಎರಡನೆಯದರಲ್ಲಿ ಹಾಳೆಯ ತಪ್ಪು ಹಿಡಿಯುವುದು. ಮೂರನೆಯದರಲ್ಲಿ ಪೋರ್ಟಲ್‌ನಲ್ಲಿ ಮೂರು ಹಂತದ ಲಾಗಿನ್ ಅಭ್ಯಾಸ. ನಾಲ್ಕನೆಯದು ಟಿಪ್ಪಣಿ ಬರೆಯುವುದಕ್ಕೆ: ತಿದ್ದುಪಡಿ ಕೋರುವ ಅರ್ಜಿ ಬಂದರೆ ಸಂಗತಿ, ಅನ್ವಯಿಸುವ ನಿಯಮ, ಹಿಂದಿನ ಪೂರ್ವನಿದರ್ಶನ, ಸೂಚಿಸುವ ಕ್ರಮ ಇಷ್ಟೂ ಒಂದೇ ಪುಟದಲ್ಲಿ. ‘ಆದೇಶಕ್ಕಾಗಿ ಮಂಡಿಸಿದೆ’ ಎಂದಷ್ಟೇ ಬರೆದು ಮೇಲಕ್ಕೆ ಕಳಿಸಿದ ಕಡತ ಪ್ರಶ್ನೆಯೊಂದಿಗೆ ಕೆಳಗಿಳಿಯುತ್ತದೆ. ಒಂದೊಂದು ಸುತ್ತಿಗೂ ವಾರ ಹೋಗುತ್ತದೆ.

ಕಲಿಸುವವರನ್ನು ಹೊರಗಿನಿಂದ ಕರೆತರಬೇಕಿಲ್ಲ. ಪ್ರತಿ ವಿವಿಯಲ್ಲೂ ‘ಅವರನ್ನು ಕೇಳಿ’ ಎಂದು ಎಲ್ಲರೂ ಬೊಟ್ಟು ಮಾಡುವ ಒಬ್ಬರೋ ಇಬ್ಬರೋ ಅಧೀಕ್ಷಕರು ಇದ್ದೇ ಇರುತ್ತಾರೆ. ಸೇವಾ ನಿಯಮ, ಖರೀದಿಯಂಥ ಸಾಮಾನ್ಯ ವಿಷಯಗಳಿಗೆ ಮೈಸೂರಿನ ಆಡಳಿತ ತರಬೇತಿ ಸಂಸ್ಥೆ, ಜಿಲ್ಲಾ ತರಬೇತಿ ಸಂಸ್ಥೆಗಳ ನೆರವು ಪಡೆಯಬಹುದು. ಹೊರಗುತ್ತಿಗೆಯವರನ್ನೂ ಸೇರಿಸಿಕೊಳ್ಳಲು ಏಜೆನ್ಸಿಯ ಟೆಂಡರ್ ಷರತ್ತಿನಲ್ಲೇ ಒಂದು ಸಾಲು ಬೇಕು: ತರಬೇತಿಯ ದಿನ ಕರ್ತವ್ಯದ ದಿನ, ಆಪರೇಟರ್ ಬದಲಾಗುವಾಗ ಹೊಸಬರು ಹಳಬರ ಜತೆ ಹದಿನೈದು ದಿನ ಕೂರಬೇಕು. ಖರ್ಚು ಸ್ವಲ್ಪ ಏರುತ್ತದೆ, ನಿಜ. ಮರುಮುದ್ರಣವಾಗುವ ಅಂಕಪಟ್ಟಿಗಳ ಖರ್ಚಿನ ಪಕ್ಕದಲ್ಲಿಟ್ಟು ನೋಡಿದರೆ ಅದು ದೊಡ್ಡದಾಗಿ ಕಾಣಲಿಕ್ಕಿಲ್ಲ.

ಮೇ 31ರ ಸಮಸ್ಯೆ

ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಜೂನ್ 1 ಎಂದು ಬರೆಸುತ್ತಿದ್ದ ಕಾಲವೊಂದಿತ್ತು. ಅವರೆಲ್ಲ ಅರವತ್ತು ತುಂಬಿ ಮೇ 31ಕ್ಕೆ ಒಟ್ಟಿಗೇ ನಿವೃತ್ತರಾಗುತ್ತಾರೆ. ವಿವಿಗಳಲ್ಲಿ ಅದು ಸಮ ಸೆಮಿಸ್ಟರಿನ ಪರೀಕ್ಷೆಗಳು ಹೊಸ್ತಿಲಲ್ಲಿರುವ ಹೊತ್ತು. ಹಾರ ಹಾಕಿ ಬೀಳ್ಕೊಟ್ಟ ಮರುದಿನದಿಂದ ಬೀರುವಿನ ಕೀಲಿ ಯಾವುದು, ಹಿಂದಿನ ಪೂರ್ವನಿದರ್ಶನದ ಕಡತ ಎಲ್ಲಿ, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿರುವ ರಿಟ್ ಅರ್ಜಿಗೆ ಕಂಡಿಕೆವಾರು ಉತ್ತರ ಯಾವ ದಿನ ಸಲ್ಲಿಸಬೇಕು ಎಂಬುದು ಯಾರಿಗೂ ತಿಳಿದಿರುವುದಿಲ್ಲ. ಆ ಒಂದು ದಿನಾಂಕ ತಪ್ಪಿದರೆ ಉತ್ತರ ಹೇಳಬೇಕಾಗುವುದು ಕುಲಸಚಿವರು.

ಈಗಿನ ಪ್ರಭಾರ ಹಸ್ತಾಂತರ ಪಟ್ಟಿಯಲ್ಲಿ ಕುರ್ಚಿ, ಕಪಾಟು, ಗಣಕಯಂತ್ರಗಳ ಎಣಿಕೆ ಇರುತ್ತದೆ. ಅದರ ಜತೆಗೆ ಇನ್ನೊಂದು ಹಾಳೆ ಬೇಕು. ಬಾಕಿ ಕಡತಗಳು ಮತ್ತು ಅವು ಯಾರ ಬಳಿ ನಿಂತಿವೆ, ನ್ಯಾಯಾಲಯದ ಪ್ರಕರಣಗಳ ಮುಂದಿನ ದಿನಾಂಕ, ವರ್ಷದಲ್ಲಿ ತಪ್ಪದೆ ಬರುವ ಗಡುವುಗಳು, ಪದೇಪದೇ ಉದ್ಭವಿಸುವ ಐದಾರು ಪ್ರಶ್ನೆಗಳು ಮತ್ತು ಅವಕ್ಕೆ ಆಧಾರವಾದ ಆದೇಶದ ಸಂಖ್ಯೆ. ಬರೆಯಲು ಎರಡು ದಿನ, ಪಕ್ಕದಲ್ಲಿ ಕೂತು ವಿವರಿಸಲು ಒಂದು ತಿಂಗಳು. ಹಾಗಾಗಿ ಮೇ 31ಕ್ಕೆ ಹೊರಡುವವರ ಜಾಗಕ್ಕೆ ಬರುವವರ ಹೆಸರು ಏಪ್ರಿಲ್ ಮೊದಲ ವಾರದಲ್ಲಾದರೂ ಆದೇಶವಾಗಬೇಕು. ಅದು ಈಗ ಸಾಮಾನ್ಯವಾಗಿ ಹೊರಡುವುದು ಜೂನ್ ತಿಂಗಳಲ್ಲಿ, ಅದೂ ‘ಮುಂದಿನ ಆದೇಶದವರೆಗೆ ಹೆಚ್ಚುವರಿ ಪ್ರಭಾರ’ ಎಂಬ ಒಕ್ಕಣೆಯೊಂದಿಗೆ.